ತೆಂಕಕ್ಕೆ ಬಿದ್ದ ನೆರಳು

ಅಥವಾ ಅದು ಹದಿನಾಲ್ಕನೆಯ ತಾರೀಕು ಆಗಿರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಆ ದಿನ ಶಾಲೆಯ ಜಗಲಿಯ ಉದ್ದಕ್ಕೂ ಕಾಗದದ ಬಾವುಟಗಳಿವೆ, ಮರುದಿನದ ಸ್ವಾತಂತ್ರ್ಯ ದಿನಕ್ಕೆ ತಯಾರಿ ನಡೆದಿದೆ, ಗೋಂದಿನ ಬದಲು ಹಚ್ಚಿದ ಗಂಜಿಯ ಹುಳಿ ವಾಸನೆಯೂ ಇದೆ. ಅದೇ ನೆನಪಿನಲ್ಲಿ ನೆಲದ ಮೇಲೆ ಒಂದು ನೆರಳಿದೆ, ಅದು ಗುರುತಿನಿಂದ ಒಂದು ಗೇಣು ದೂರದಲ್ಲಿದೆ. ಇವೆರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಇಪ್ಪತ್ತು ಅಡಿ ಎತ್ತರದ ಕಂಬದ ತುದಿಯ ನೆರಳು ನಮ್ಮ ಕಡೆ ಆಗಸ್ಟ್ ಹದಿನಾಲ್ಕರ ನಡುಹಗಲಿಗೆ ಆರು ಅಂಗುಲ ಮೀರುವುದಿಲ್ಲ. ಗೇಣು ದೂರ ಬೀಳಬೇಕಾದರೆ ಅದು ಹನ್ನೊಂದನೆಯ ತಾರೀಕಿನ ಆಚೀಚೆ ಆಗಿರಬೇಕು. ಮೊನ್ನೆ ಕೂತು ಲೆಕ್ಕ ಹಾಕಿದೆ. ಸೂರ್ಯ ತಪ್ಪುವುದಿಲ್ಲ, ಹಾಗಾಗಿ ತಪ್ಪಿದ್ದು ನಾನೇ. ಬಾವುಟಗಳನ್ನು ಬೇರೆ ಯಾವುದೋ ವರ್ಷದಿಂದ ತಂದು ಇಲ್ಲಿ ಅಂಟಿಸಿದ್ದೇನೆ, ಇಲ್ಲವೇ ಗೆದ್ದ ಖುಷಿಯಲ್ಲಿ ನೆರಳನ್ನು ಎಳೆದು ಉದ್ದ ಮಾಡಿದ್ದೇನೆ.

ವರ್ಷವೂ ಖಚಿತವಿಲ್ಲ. ಅರವತ್ತೆರಡು ಎಂದು ಬರೆದು, ಹೊಡೆದುಹಾಕಿ, ಅರವತ್ತಮೂರು ಎಂದು ಬರೆದೆ; ಈಗ ಅದನ್ನೂ ಹೊಡೆದುಹಾಕುತ್ತಿದ್ದೇನೆ. ಆದರೆ ಗೆದ್ದದ್ದು ನಿಜ. ಅದರಲ್ಲಿ ಸಂಶಯವಿಲ್ಲ.

ನನಗೆ ಆಗ ಇಪ್ಪತ್ತೆರಡು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಶಿರ್ತಾಡಿ ದಾಟಿದ ಮೇಲೆ, ಒಂದು ಪದವಿನ ಮೇಲೆ ನಮ್ಮ ಶಾಲೆ. ಪದವು ಎಂದರೆ ಮರವಿಲ್ಲದ ಮುರಕಲ್ಲಿನ ಬಯಲು. ಯಾರಿಗೂ ಬೇಡದ ನೆಲವಾದ್ದರಿಂದ ಶಾಲೆಗೆ ಕೊಟ್ಟಿದ್ದರು. ನಾನು ಅಲ್ಲಿ ಏಳು ಮತ್ತು ಎಂಟನೆಯ ತರಗತಿಗೆ ವಿಜ್ಞಾನ, ಭೂಗೋಳ ಕಲಿಸುವ ತಾತ್ಕಾಲಿಕ ಟೀಚರ್. ಮನೆ ಬಂಟ್ವಾಳದಲ್ಲಿ. ಅಮ್ಮ, ಇಬ್ಬರು ತಂಗಿಯರು ದಿನವಿಡೀ ಬೀಡಿ ಕಟ್ಟುತ್ತಿದ್ದರು. ನಾನೂ ಬೀಡಿ ಎಲೆ ಕತ್ತರಿಸುತ್ತಲೇ ಓದಿದವಳು. ತಾತ್ಕಾಲಿಕ ಎಂದರೆ, ಪ್ರತಿ ವರ್ಷ ಮಳೆಗಾಲದ ಕೊನೆಗೆ ಇನ್ಸ್‌ಪೆಕ್ಟರು ಒಂದು ಮಾತು ಬರೆದರೆ ಮುಂದುವರಿಕೆ. ಬರೆಯದಿದ್ದರೆ ಬಂಟ್ವಾಳ, ಕತ್ತರಿ, ಎಲೆ.

ಆ ವರ್ಷ ಫೆಬ್ರವರಿಯಲ್ಲಿ ಏಳನೆಯ ತರಗತಿಗೆ ದಿಕ್ಕುಗಳ ಪಾಠ ಬಂತು. ಪುಸ್ತಕದಲ್ಲಿ ಒಂದು ವಾಕ್ಯವಿತ್ತು: ನಡುಹಗಲಿನಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ. ನಾನು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಬಾವುಟದ ಕಂಬವನ್ನೇ ಶಂಕು, ಅಂದರೆ ನೆರಳು ಅಳೆಯುವ ಕೋಲು, ಮಾಡಿಕೊಂಡೆವು. ಕಂಬದ ಬುಡಕ್ಕೆ ಹಗ್ಗ ಕಟ್ಟಿ, ಸುಣ್ಣದ ನೀರಿನಲ್ಲಿ ಸುತ್ತ ಒಂದು ವೃತ್ತ ಎಳೆದೆವು. ಬೆಳಿಗ್ಗೆ ಕಂಬದ ನೆರಳಿನ ತುದಿ ವೃತ್ತದ ಒಳಗೆ ಬಂದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆ ನೇರ ಮೂಡು–ಪಡು. ಸಾವಿರಾರು ವರ್ಷಗಳಿಂದ ಈ ದೇಶದಲ್ಲಿ ಗುಡಿಗೆ, ಮನೆಗೆ ಪಾಯ ಗುರುತಿಸಿದ್ದು ಹೀಗೆಯೇ. ಆಕಾಶವನ್ನು ಮೊದಲು ಅಳೆದವರ ಕೈಯಲ್ಲಿ ಕೊಳವೆಯಿರಲಿಲ್ಲ, ಗಾಜಿರಲಿಲ್ಲ. ಒಂದು ಕೋಲು ಇತ್ತು. ಆ ಗೆರೆಯನ್ನು ಮಕ್ಕಳು ಕತ್ತಿಯ ತುದಿಯಿಂದ ಮುರಕಲ್ಲಿನ ಮೇಲೆ ಕೊರೆದರು. ಆ ದಿನ ನಡುಹಗಲಿಗೆ ನೆರಳು ಉತ್ತರಕ್ಕೇ ಬಿತ್ತು. ಪುಸ್ತಕ ಸರಿ ಎಂದು ನಾನು ಹೇಳಿದೆ, ಮಕ್ಕಳು ಬರೆದುಕೊಂಡರು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿ ಬಂಟ್ವಾಳಕ್ಕೆ ಹೋದೆ. ನಮ್ಮ ಕೇರಿಗೆಲ್ಲ ಒಂದೇ ಬಾವಿ, ಬಹಳ ಆಳದ್ದು. ಅದರ ಕೆಸರು ತೆಗೆಯಲು ಪ್ರತಿ ವರ್ಷ ಒಬ್ಬ ಅಜ್ಜ ಬರುತ್ತಿದ್ದರು. ಆಳದ ಬಾವಿಗಳಿಗೆಲ್ಲ ಅವರು ಬರುತ್ತಿದ್ದದ್ದು ಒಂದೇ ವಾರದಲ್ಲಿ, ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದು ಹತ್ತು ದಿನದ ಹೊತ್ತಿಗೆ. ಆ ವಾರ ಅವರನ್ನು ಹಿಡಿಯಲು ಜನ ಮೊದಲೇ ಹೇಳಿಡುತ್ತಿದ್ದರು. ಯಾಕೆ ಆ ವಾರವೇ ಎಂದು ನಾನು ಅದುವರೆಗೆ ಕೇಳಿರಲಿಲ್ಲ. ಆ ವರ್ಷ ಕೇಳಿದೆ. ನಮ್ಮ ಮಾತು ತುಳುವಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಉಪ್ಪು ಹೋಗುತ್ತದೆ.

“ಇಷ್ಟು ಆಳಕ್ಕೆ ಚಿಮಿಣಿ ದೀಪ ಹಿಡ್ಕೊಂಡು ಇಳೀಲಿಕ್ಕೆ ನನಗೆಂತ ಮರುಳಾ ಮಗಾ? ಈ ವಾರ ಮೇಲಿನವನೇ ದೀಪ ಹಿಡೀತಾನೆ. ಪುಕ್ಕಟೆಗೆ.”

ನೋಡಲು ನಿಂತೆ. ಅವರು ಹಗ್ಗ ಹಿಡಿದು ಇಳಿದರು. ಬಾವಿಯ ಪಡು ಗೋಡೆಯ ಮೇಲೆ ಬಿಸಿಲಿತ್ತು, ತಳದಲ್ಲಿ ಕತ್ತಲೆ. ನನ್ನ ವಾಚಿನಲ್ಲಿ ಹನ್ನೆರಡಾಯಿತು.

“ಅಜ್ಜಾ, ಹನ್ನೆರಡು ಹೊಡೀತು! ಎಲ್ಲಿ ನಿಮ್ಮ ದೀಪ?”

ಕೆಳಗಿನಿಂದ ನಗು ಕೇಳಿತು. “ನಿನ್ನ ವಾಚಿಗೆ ಅವಸರ. ಅದಕ್ಕೆ ಬಸ್ಸು ಹಿಡೀಲಿಕ್ಕೆ ಉಂಟು. ಇವನಿಗೆ ಇಲ್ಲ.”

ಬಿಸಿಲು ಗೋಡೆ ಇಳಿಯುತ್ತಾ ಬಂತು. ಹನ್ನೆರಡೂವರೆ ಆಗಲು ಇನ್ನೆರಡು ನಿಮಿಷ ಇರುವಾಗ ತಳ ಇಡೀ ಹೊತ್ತಿಕೊಂಡಿತು. ಬೇರೆ ಪದ ಸಿಗುತ್ತಿಲ್ಲ. ಬಾವಿಕಟ್ಟೆಯ ನೆರಳು ಯಾವ ಬದಿಯಲ್ಲೂ ಇರಲಿಲ್ಲ. ಇಳಿಬಿಟ್ಟ ಕೊಡಪಾನದ ನೆರಳು ಅದರ ಅಡಿಯಲ್ಲೇ ಅಡಗಿತ್ತು. ಅಜ್ಜನ ಬೆನ್ನು, ಬುಟ್ಟಿ, ತಳದಲ್ಲಿ ಯಾವತ್ತೋ ಬಿದ್ದಿದ್ದ ನಮ್ಮ ಮನೆಯ ಹಿತ್ತಾಳೆ ಚೊಂಬು ಎಲ್ಲವೂ ಅಂಗಳದಲ್ಲಿದ್ದಷ್ಟು ಸ್ಪಷ್ಟವಾಗಿ ಕಂಡವು. ಚೊಂಬು ನಿಜವಾಗಿ ಕಂಡಿತೋ, ಆಮೇಲೆ ಸಿಕ್ಕಿದ್ದನ್ನು ನಾನು ಈ ಬೆಳಕಿನಲ್ಲಿ ಇಟ್ಟಿದ್ದೇನೋ, ಬಿಡಿ.

ಮೇಲೆ ಬಂದು ಬೆಲ್ಲ ತಿಂದು ನೀರು ಕುಡಿಯುತ್ತಾ ಅಜ್ಜ ಹೇಳಿದರು: “ಇವತ್ತಿಗೆ ಮುಂಚೆ ಬಡಗು ಗೋಡೆಗೆ ಬೆಳಕು. ನಾಳೆಯಿಂದ ತೆಂಕು ಗೋಡೆಗೆ. ಇವ ಬಡಗಿಗೆ ದಾಟಿದ. ಇನ್ನು ಸೋಣ ತಿಂಗಳು ಹುಟ್ಟುವಾಗ ಮತ್ತೊಮ್ಮೆ ನಡುವಿಗೆ ಬರ್ತಾನೆ. ಆದ್ರೆ ಆಗ ಯಾರು ನೋಡ್ತಾರೆ? ಬಾವಿ ತುಂಬಿ ಮೇಲೆ ಬಂದಿರ್ತದೆ, ಆಕಾಶ ಮುಚ್ಚಿರ್ತದೆ.”

“ಮತ್ತೆ ನಿಮಗೆ ಹೇಗೆ ಗೊತ್ತು?”

“ಒಂದು ವರ್ಷ ಮಳೆ ಕೈಕೊಟ್ಟಿತ್ತು. ಆಗ ಇಳಿದಿದ್ದೆ.”

ನನಗೆ ತರಬೇತಿ ಶಾಲೆಯಲ್ಲಿ ಕೇಳಿದ ಒಂದು ಪಾಠ ನೆನಪಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿದ್ದ ಒಬ್ಬ ಗ್ರೀಕ್ ವಿದ್ವಾಂಸ, ದಕ್ಷಿಣದ ಒಂದು ಊರಿನ ಬಾವಿಗೆ ವರ್ಷಕ್ಕೊಮ್ಮೆ ಸೂರ್ಯ ತಳದವರೆಗೆ ಇಳಿಯುತ್ತಾನೆಂದು ಕೇಳಿ, ಅದೇ ದಿನ ತನ್ನ ಊರಿನ ನೆರಳನ್ನು ಅಳೆದು, ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಆ ಊರು ಸೂರ್ಯನ ಬಡಗು ಪ್ರಯಾಣದ ಕೊನೆಯ ನಿಲ್ದಾಣದ ಹತ್ತಿರ. ಆದ್ದರಿಂದ ಅಲ್ಲಿಗೆ ಒಂದೇ ಸಲ. ನಾವಿರುವುದು ದಾರಿಯ ನಡುವೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅಂದರೆ ಏಪ್ರಿಲ್ ಕೊನೆಯಿಂದ, ಸೋಣ ಹುಟ್ಟುವ ಆಗಸ್ಟ್ ನಡುವಿನವರೆಗೆ ಸುಮಾರು ನಾಲ್ಕು ತಿಂಗಳು ಸೂರ್ಯ ನಮ್ಮ ತಲೆಯಿಂದ ಬಡಗಿಗೆ ಇರುತ್ತಾನೆ. ಆ ನಾಲ್ಕು ತಿಂಗಳು ನಡುಹಗಲಿನ ನೆರಳು ತೆಂಕಕ್ಕೆ ಬೀಳಲೇಬೇಕು.

ಪುಸ್ತಕದ ವಾಕ್ಯ ಯಾವುದೋ ಇಂಗ್ಲಿಷ್ ಪುಸ್ತಕದಿಂದ ದಾಟಿ ಬಂದಿರಬೇಕು. ಇಂಗ್ಲೆಂಡಿನಲ್ಲಿ ಅದು ವರ್ಷವಿಡೀ ಸತ್ಯ. ನಮ್ಮಲ್ಲಿ ಸುಳ್ಳು, ಆದರೆ ಸಿಕ್ಕಿಬೀಳದ ಸುಳ್ಳು. ಯಾಕೆಂದರೆ ಆ ನಾಲ್ಕು ತಿಂಗಳಲ್ಲಿ ಮೊದಲ ಒಂದೂವರೆ ತಿಂಗಳು ಶಾಲೆಗೆ ರಜೆ. ಬಾಗಿಲು ತೆರೆಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮೋಡ ಬಿಡುವಾಗ ಸೂರ್ಯ ಮತ್ತೆ ತೆಂಕಕ್ಕೆ ಬಂದಿರುತ್ತಾನೆ. ಬಿಸಿಲಿದ್ದಾಗ ಮಕ್ಕಳಿಲ್ಲ, ಮಕ್ಕಳಿದ್ದಾಗ ಬಿಸಿಲಿಲ್ಲ. ತಲೆಮಾರುಗಟ್ಟಲೆ ಮಾಸ್ತರರು ತಮ್ಮ ಕಣ್ಣಿನಿಂದಲೇ ನೋಡಿ, ಪರೀಕ್ಷಿಸಿ, ತಪ್ಪನ್ನು ಕಲಿಸಿದ್ದರು. ನಾನೂ ಫೆಬ್ರವರಿಯಲ್ಲಿ ಅದನ್ನೇ ಮಾಡಿದ್ದೆ.

ಜೂನ್‌ನಲ್ಲಿ ಎಂಟನೆಯ ತರಗತಿಗೆ ಬಂದ ಅದೇ ಮಕ್ಕಳಿಗೆ ಅದನ್ನು ತಿದ್ದಿದೆ. ಚಕ್ಕೋತ ಹಣ್ಣಿಗೆ ಗುಡಿಸುವ ಹಿಡಿಸೂಡಿಯ ಕಡ್ಡಿ ಚುಚ್ಚಿ, ಓರೆಯಾಗಿ ಹಿಡಿದು, ಲಾಂದ್ರದ ಸುತ್ತ ತಿರುಗಿಸಿ ತೋರಿಸಿದೆ. ಬೋರ್ಡಿನ ಮೇಲೆ ಬರೆದೆ: ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಎದುರು ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಅದು ನಮ್ಮ ಅಮ್ಮನಿಗೆ ಗೊತ್ತುಂಟು ಟೀಚರ್. ಹಲಸಿನ ಹಪ್ಪಳ ನಾವು ಬಡಗು ಬದಿಯ ಅಂಗಳದಲ್ಲೇ ಒಣಗಿಸುವುದು. ಮನೆಯ ನೆರಳು ಅಲ್ಲಿಗೆ ಬಿದ್ರೆ ಹಪ್ಪಳಕ್ಕೆ ಬೂಸ್ಟು ಬರ್ಲಿಕ್ಕಿಲ್ವಾ?”

ಇಡೀ ತರಗತಿ ನಕ್ಕಿತು. ಊರಿನ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯ ಪುಸ್ತಕಕ್ಕೆ ಗೊತ್ತಿರಲಿಲ್ಲ.

ಜುಲೈನಲ್ಲಿ ಇನ್ಸ್‌ಪೆಕ್ಟರು ಬಂದರು. ಮೂಡುಬಿದಿರೆಯವರು, ಕಪ್ಪು ಕೋಟು, ಒದ್ದೆ ಕೊಡೆ. ಕೆಟ್ಟವರಲ್ಲ. ಮಕ್ಕಳ ನೋಟುಪುಸ್ತಕ ನೋಡುತ್ತಾ ಒಂದು ಪುಟದಲ್ಲಿ ನಿಂತರು. ಕೆಂಪು ಪೆನ್ಸಿಲು ತೆಗೆದು ಆ ವಾಕ್ಯದ ಮೇಲೆ ಗೆರೆ ಎಳೆದರು. ಮುಂದಿನ ಪುಸ್ತಕದಲ್ಲಿಯೂ ಅದೇ ವಾಕ್ಯ, ಅದೇ ಗೆರೆ. ಇಪ್ಪತ್ತೇಳು ಪುಸ್ತಕ ಮುಗಿದ ಮೇಲೆ ತಲೆ ಎತ್ತಿದರು.

“ಇದನ್ನು ಬರೆಸಿದ್ದು ಯಾರು?”

“ನಾನು ಸಾರ್.”

“ಪಾಠಪುಸ್ತಕ ನೋಡಿದ್ದೀರಾ?”

“ನೋಡಿದ್ದೇನೆ ಸಾರ್. ಪುಸ್ತಕ ತಪ್ಪು.”

ಪಕ್ಕದಲ್ಲಿದ್ದ ಹೆಡ್‌ಮಾಸ್ಟ್ರು ಜೋರಾಗಿ ಕೆಮ್ಮಿದರು.

“ನಾನು ಇನ್ಸ್‌ಪೆಕ್ಟರ್ ಆಗುವ ಮೊದಲು ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವ,” ಎಂದರು ಇನ್ಸ್‌ಪೆಕ್ಟರು. “ಪ್ರತಿ ವರ್ಷ ಮಕ್ಕಳನ್ನು ಅಂಗಳಕ್ಕೆ ಕರ್ಕೊಂಡು ಹೋಗಿ ತೋರಿಸಿದ್ದೇನೆ. ನೆರಳು ಉತ್ತರಕ್ಕೇ ಬಿದ್ದದ್ದು. ಇದು ನಾನು ಓದಿದ್ದಲ್ಲ, ಕಂಡದ್ದು.”

“ಯಾವ ತಿಂಗಳಲ್ಲಿ ಸಾರ್?”

“ನವೆಂಬರದಲ್ಲಿ. ಮತ್ತೆ? ಬಿಸಿಲಿರುವ ತಿಂಗಳಲ್ಲಿ ಅಲ್ವಾ ನೆರಳು ತೋರಿಸುವುದು!”

“ಅದೇ ಸಾರ್,” ಎಂದೆ.

ಅವರು ನನ್ನನ್ನೇ ನೋಡಿದರು. ಸಿಟ್ಟು ಬಂತೋ, ಆ ‘ಅದೇ’ ಅವರೊಳಗೆ ಎಲ್ಲೋ ತಾಗಿತೋ ಹೇಳಲಾರೆ. ಮೇಜಿನ ಮೇಲೆ ಕೊಡೆ ಇಟ್ಟು ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು: “ಸ್ವಾತಂತ್ರ್ಯ ದಿನದ ಮೊದಲು ನಾನು ಇನ್ನೊಮ್ಮೆ ಬರ್ತೇನೆ. ಆ ದಿನ ಇದೇ ಅಂಗಳದಲ್ಲಿ ತೋರಿಸಿ, ಒಪ್ತೇನೆ. ತೋರಿಸ್ಲಿಕ್ಕೆ ಆಗದಿದ್ದರೆ, ತಪ್ಪು ಕಲಿಸಿದ್ದೇನೆ ಅಂತ ಬರೆದು ಸಹಿ ಹಾಕಬೇಕು. ಅದು ನಿಮ್ಮ ಕಡತಕ್ಕೆ ಹೋಗ್ತದೆ.”

ಆ ಕಡತವನ್ನು ನೋಡಿಯೇ ಬೆಳ್ತಂಗಡಿಯ ಕಚೇರಿಯಲ್ಲಿ ಮುಂದುವರಿಕೆಯ ತೀರ್ಮಾನ. ಹೊರಗೆ ಮಳೆ ಹಂಚಿನ ಮೇಲೆ ಹೊಡೆಯುತ್ತಿತ್ತು. ನಾನು ಆಗಲಿ ಎಂದೆ.

ಆಮೇಲೆ ಹೆಡ್‌ಮಾಸ್ಟ್ರು ನನ್ನನ್ನು ಕರೆದರು. “ಎಂತ ಸಾವು ಮಾರಾಯ್ತಿ ಇದು! ಒಂದು ವಾಕ್ಯ ಅಲ್ವಾ? ಹೊಡೆದುಹಾಕಿ. ಭೂಮಿ ಎಂತ ತಿರುಗುವುದನ್ನು ನಿಲ್ಲಿಸ್ತದಾ?”

“ಅದು ನಿಲ್ಲಿಸುವುದಿಲ್ಲ ಸಾರ್. ನಾನೂ ನಿಲ್ಲಿಸುವುದಿಲ್ಲ.”

ಹೀಗೆ ಹೇಳಿದೆ ಎಂದು ನೆನಪಿದೆ. ಇಷ್ಟು ಚಂದದ ಮಾತು ಆ ಕ್ಷಣದಲ್ಲಿ ನನಗೆ ಹೊಳೆದಿರಲಾರದು. ಬಹುಶಃ ನಮಸ್ಕಾರ ಹೇಳಿ ತರಗತಿಗೆ ಹೋದೆ.

ಮಳೆ ನಿಲ್ಲಲಿಲ್ಲ. ನನ್ನ ತೊಂದರೆ ಮಳೆ ಮಾತ್ರವಲ್ಲ. ಸೂರ್ಯ ದಿನಾ ತೆಂಕಕ್ಕೆ ಜಾರುತ್ತಿದ್ದ. ನಾನು ತೋರಿಸಬೇಕಾದ ನೆರಳು ಮೋಡದ ಹಿಂದೆಯೇ ದಿನಾ ಗಿಡ್ಡವಾಗುತ್ತಿತ್ತು. ಜುಲೈ ಮೊದಲಲ್ಲಿ ನಮ್ಮ ಬಾವುಟದ ಕಂಬದ ನೆರಳು ತೆಂಕಕ್ಕೆ ಮೂರಡಿಗೂ ಹೆಚ್ಚು ಬೀಳಬೇಕಿತ್ತು. ಜುಲೈ ಇಪ್ಪತ್ತಕ್ಕೆ ಎರಡೂವರೆ ಅಡಿ. ಆಗಸ್ಟ್ ಒಂದಕ್ಕೆ ಒಂದೂಮುಕ್ಕಾಲು. ಕೋನಮಾಪಕ ಇಟ್ಟು ಕಾಗದದ ಮೇಲೆ ಎಳೆದು ಅಳೆಯುತ್ತಿದ್ದೆ. ಪ್ರತಿ ಸಂಜೆ ಒಂದು ಗೆರೆ, ಹಿಂದಿನದಕ್ಕಿಂತ ಸಣ್ಣದು. ಹದಿನೆಂಟರ ಹೊತ್ತಿಗೆ ಸೊನ್ನೆ. ಅದಾದ ಮೇಲೆ ನೆರಳು ಬಡಗಿಗೆ ತಿರುಗಿ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಎರಡು ಭಾನುವಾರ ಮೂಡುಬಿದಿರೆಗೆ ಹೋದೆ. ಅಲ್ಲಿ ಬಸದಿಯೊಂದರ ಎದುರು ಏಕಶಿಲೆಯ ಎತ್ತರದ ಮಾನಸ್ತಂಭವಿದೆ. ಅಷ್ಟು ಎತ್ತರದ, ಅಷ್ಟು ನೆಟ್ಟಗಿನ ಕಲ್ಲು ಇರುವಾಗ ನೆರಳು ನೋಡಲು ಬೇರೇನು ಬೇಕು? ಕೊಡೆ ಹಿಡಿದು ನಡುಹಗಲಿನಲ್ಲಿ ಅದರ ಬುಡ ನೋಡುತ್ತಾ ನಿಂತೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಕೇಳಿದರು.

“ಎಂತ ಬಿತ್ತಕ್ಕಾ?”

“ನೆರಳು.”

“ಈ ಮಳೆಗಾ?” ಎಂದು ಅವರು ಒಂದು ಹೆಜ್ಜೆ ಆಚೆ ಸರಿದು ನಡೆದರು.

ಇನ್ಸ್‌ಪೆಕ್ಟರು ಹೇಳಿದ್ದು ಶಾಲೆಯ ಅಂಗಳ. ಅಲ್ಲಿ ಇದ್ದದ್ದು ಬಾವುಟದ ಕಂಬ. ಅದು ಅಡಿಕೆ ಮರದ್ದು, ಮಳೆಗೆ ಬುಡ ಸಡಿಲವಾಗಿ ಸ್ವಲ್ಪ ವಾಲಿತ್ತು, ಅದೂ ತೆಂಕಕ್ಕೇ. ನೆರಳು ತೆಂಕಕ್ಕೆ ಬಿದ್ದರೂ ಇನ್ಸ್‌ಪೆಕ್ಟರು ಕಂಬ ವಾಲಿದೆ ಎನ್ನುತ್ತಾರೆ, ಮತ್ತು ಅವರು ಹೇಳುವುದು ಸರಿಯೇ ಆಗಿರುತ್ತದೆ. ಮುಂದಿನ ಭಾನುವಾರ ಬಂಟ್ವಾಳದ ಮನೆಯಲ್ಲಿ ಕೂತು ತಪ್ಪೊಪ್ಪಿಗೆಯ ಪತ್ರವನ್ನು ಒಮ್ಮೆ ಬರೆದೂ ನೋಡಿದೆ. ಅಮ್ಮ ಬೀಡಿ ಸುತ್ತುತ್ತಾ, “ಮೊದಲು ಆ ಬಾವಿಯ ಅಜ್ಜನನ್ನು ಕೇಳಿ ಬಾ, ನಿನಗೆ ಇದನ್ನು ಹಚ್ಚಿದ್ದು ಅವರು,” ಎಂದರು.

ಮಳೆಗಾಲದಲ್ಲಿ ಅಜ್ಜನಿಗೆ ಕೆಲಸವಿಲ್ಲ. ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಹೊಸೆಯುವುದು ನಿಲ್ಲಿಸಲಿಲ್ಲ.

“ಕಂಬ ವಾಲಿದ್ರೆ ವಾಲ್ಲಿ. ಕಂಬವನ್ನು ಯಾಕೆ ನೋಡ್ತಿ? ತುದಿಯಿಂದ ತೂಗುಗುಂಡು ಬಿಡು. ಗುಂಡು ಮುಟ್ಟಿದಲ್ಲಿ ಗುರುತು ಮಾಡು. ತುದಿಯ ನೆರಳು ಆ ಗುರುತಿನ ಯಾವ ಬದಿಗೆ ಬೀಳ್ತದೆ ನೋಡು. ಅಷ್ಟೇ. ಬಾವಿಯಲ್ಲಿ ನಾವು ಮತ್ತೆಂತ ಮಾಡುವುದು?”

ಹೌದಲ್ಲ! ತುದಿಯ ನೇರ ಕೆಳಗಿನ ಬಿಂದು ಗೊತ್ತಾದರೆ ಕಂಬ ಹೇಗಿದ್ದರೇನು? ಇದು ನನಗೆ ಹೊಳೆದಿರಲಿಲ್ಲ. ಪತ್ರ ಹರಿದುಹಾಕಿದೆ.

ಸೋಮವಾರ ಅಜ್ಜ ನನ್ನ ಜೊತೆ ಬಸ್ಸು ಹತ್ತಿದರು. ಕೈಯಲ್ಲಿ ಕಬ್ಬಿಣದ ತೂಗುಗುಂಡು, ಉಳಿ, ಸುತ್ತಿಗೆ. ತಲೆಯ ಮೇಲೆ ಅಡಿಕೆ ಹಾಳೆಯ ಮುಟ್ಟಾಳೆ. ಶಾಲೆಯಲ್ಲಿ ಕಂಬ ನೋಡಿ, ತುದಿ ಬಹಳ ಸಪೂರ, ಇಷ್ಟು ಎತ್ತರದಿಂದ ಅದರ ನೆರಳು ಮಸುಕಾಗಿ ಕಾಣುವುದೇ ಇಲ್ಲ ಎಂದರು. ತಲೆಯ ಮುಟ್ಟಾಳೆ ತೆಗೆದು ತಿರುಗಿಸಿ ನೋಡಿದರು. ಅದರ ನಡುವಿಗೆ ತೂತು ಕೊರೆದು ಗುಂಡಿನ ದಾರ ಕಟ್ಟಿದರು. ಬಾವುಟ ಏರಿಸುವ ಹಗ್ಗಕ್ಕೆ ಮುಟ್ಟಾಳೆಯನ್ನು ಕಟ್ಟಿ ಎಳೆದರು. ಅದು ಅಲ್ಲಾಡುತ್ತಾ ಮೇಲೇರಿ, ತುದಿಯ ರಾಟೆಗೆ ತಾಗಿ ನಿಂತಿತು. ಗುಂಡು ಕೆಳಗೆ ನೆಲದಿಂದ ಬೆರಳಿನಷ್ಟು ಎತ್ತರದಲ್ಲಿ ತೂಗಿತು.

ಹೆಡ್‌ಮಾಸ್ಟ್ರು ಜಗಲಿಯಿಂದ ಓಡಿ ಬಂದರು. “ಅಯ್ಯೋ ದೇವರೇ! ಬಾವುಟದ ಜಾಗದಲ್ಲಿ ಮುಟ್ಟಾಳೆ! ಯಾರಾದ್ರೂ ನೋಡಿದ್ರೆ ನನ್ನ ಪೆನ್ಶನ್ ಆ ಮುಟ್ಟಾಳೆಯಲ್ಲೇ ಹೋಯ್ತು.”

“ಹೆದರಬೇಡಿ ಮಾಸ್ಟ್ರೇ,” ಎಂದರು ಅಜ್ಜ. “ಹದಿನೈದಕ್ಕೆ ನನ್ನದನ್ನು ಇಳಿಸಿ ನಿಮ್ಮದನ್ನು ಏರಿಸುವ.”

ಫೆಬ್ರವರಿಯಲ್ಲಿ ಕೊರೆದ ಮೂಡು–ಪಡು ಗೆರೆಗೆ ಪಾಚಿ ಹಿಡಿದಿತ್ತು. ಮಕ್ಕಳು ತೆಂಗಿನ ಸಿಪ್ಪೆಯಿಂದ ತಿಕ್ಕಿ ಕೆಂಪು ಬಿಡಿಸಿದರು. ಗುಂಡು ನಿಂತ ಜಾಗದಲ್ಲಿ ಅಜ್ಜ ಉಳಿಯಿಂದ ಒಂದು ಕುಳಿ ಮಾಡಿ, ಹಳೆಯ ಗೆರೆಗೆ ಸಮಾನಾಂತರವಾಗಿ ಅಲ್ಲಿಂದ ಹೊಸ ಗೆರೆ ಕೊರೆದರು. ನಾನು ಮಕ್ಕಳಿಗೆ ಆ ಕಲ್ಲಿನ ಕಥೆ ಹೇಳಿದೆ. ಲಕ್ಷಾಂತರ ವರ್ಷ ಮಳೆ ಬಂಡೆಯನ್ನು ತೊಳೆದು, ಕರಗುವುದೆಲ್ಲ ಕರಗಿ ಹೋಗಿ, ಕರಗದ ಕಬ್ಬಿಣ ಉಳಿದು ಹೀಗೆ ಕೆಂಪಾಗಿದೆ. “ಅಷ್ಟು ವರ್ಷ ಮಳೆ ಬಂತಾ ಟೀಚರ್? ನಡುವೆ ಒಂದು ದಿನವೂ ಬಿಟ್ಟಿಲ್ವಾ?” ಎಂದು ಒಬ್ಬ ಕೇಳಿದ. ಯಾರೂ ನಗಲಿಲ್ಲ. ಎಲ್ಲರ ತಲೆಯಲ್ಲೂ ಅದೇ ಇತ್ತು.

ಇನ್ಸ್‌ಪೆಕ್ಟರು ಬಂದ ದಿನ ಬೆಳಿಗ್ಗೆ ಜೋರು ಮಳೆ. ಹನ್ನೊಂದರ ಹೊತ್ತಿಗೆ ಒಮ್ಮೆಲೇ ಬಿಟ್ಟಿತು. ಮಳೆಗಾಲದ ನಡುವಿನ ಆಟಿ ತಿಂಗಳ ಬಿಸಿಲು ಎಂದರೆ ನಮ್ಮಲ್ಲಿ ಜನ ಹೆದರುತ್ತಾರೆ. ಮೋಡದ ನಡುವಿನಿಂದ ಬಂದರೆ ಬೆನ್ನು ಸುಡುತ್ತದೆ. ಅಂಗಳ ಹಬೆಯಾಡಿತು. ಮಕ್ಕಳು ಕೈಕೈ ಹಿಡಿದು ದೊಡ್ಡ ವೃತ್ತವಾಗಿ ನಿಂತರು, ನೆರಳಿನ ಮೇಲೆ ಯಾರ ನೆರಳೂ ಬೀಳದಂತೆ. ಅಜ್ಜ ಹಗ್ಗ ಎಳೆದರು. ಮುಟ್ಟಾಳೆ ಏರಿತು.

ಇನ್ಸ್‌ಪೆಕ್ಟರು ಜೇಬಿನಿಂದ ಗಡಿಯಾರ ತೆಗೆದರು. “ಹನ್ನೆರಡಾಯ್ತು. ನೋಡಿ, ನೆರಳು ಎಲ್ಲುಂಟು? ಪಶ್ಚಿಮಕ್ಕೆ ಉಂಟು.”

ಹೌದು, ಮುಟ್ಟಾಳೆಯ ದುಂಡು ನೆರಳು ಪಡುವಿಗೆ ಮೂರಡಿ ದೂರದಲ್ಲಿತ್ತು.

“ಈ ಹನ್ನೆರಡು ನಮ್ಮ ಊರಿನದಲ್ಲ ಸಾರ್. ಇಡೀ ದೇಶಕ್ಕೆ ಒಂದೇ ಗಂಟೆ ಇಟ್ಟಿದ್ದಾರೆ, ಅದು ನಮಗಿಂತ ಬಹಳ ಮೂಡಿನ ಊರಿನ ಲೆಕ್ಕ. ನಮಗೆ ನಡುಹಗಲು ಆಗ್ಲಿಕ್ಕೆ ಇನ್ನು ಮೂವತ್ತೈದು ನಿಮಿಷ ಉಂಟು.”

“ಹನ್ನೆರಡೂವರೆಗೆ ನನಗೆ ಬಸ್ಸುಂಟು.”

ಅವರು ಗಡಿಯಾರ ನೋಡಿದರು, ಆಕಾಶ ನೋಡಿದರು, ಮುಟ್ಟಾಳೆ ನೋಡಿದರು. ಆಮೇಲೆ ಕೋಟು ಬಿಚ್ಚಿ ಹೆಡ್‌ಮಾಸ್ಟ್ರ ಕೈಗೆ ಕೊಟ್ಟರು.

ನೆರಳು ನಿಮಿಷಕ್ಕೊಂದು ಅಂಗುಲದ ಹಾಗೆ ಮೂಡಿಗೆ ನಡೆಯುತ್ತಿತ್ತು. ಹಪ್ಪಳದ ಮಾತು ಎತ್ತಿದ ಹುಡುಗಿ ಲಂಗದ ಮಡಿಲಲ್ಲಿ ಮಂಜೊಟ್ಟಿಯ ಕೆಂಪು ಬೀಜ ತಂದಿದ್ದಳು. ನಾನು ವಾಚು ನೋಡಿ ಹೇಳಿದಾಗಲೆಲ್ಲ ಅವಳು ನೆರಳಿನ ನಡುವಿಗೆ ಒಂದೊಂದು ಬೀಜ ಇಡುತ್ತಿದ್ದಳು. ಹನ್ನೆರಡೂ ಇಪ್ಪತ್ತಕ್ಕೆ ಮೋಡ ಮುಚ್ಚಿತು. ನೆರಳು ಅಳಿಸಿಹೋಯಿತು. ಪಡುವಿನ ಕಡೆ ಮಳೆ ಬರುವ ಸದ್ದು ಕೇಳಿತು. ಐದು ನಿಮಿಷ, ಹತ್ತು ನಿಮಿಷ. ಕೆಳಗೆ ರಸ್ತೆಯಲ್ಲಿ ಬಸ್ಸು ಹಾರ್ನು ಹೊಡೆಯಿತು, ಸ್ವಲ್ಪ ಹೊತ್ತು ನಿಂತಿತು, ಹೋಯಿತು. ಇನ್ಸ್‌ಪೆಕ್ಟರು ತಿರುಗಿಯೂ ನೋಡಲಿಲ್ಲ. ಅವರೂ ಈಗ ನಮ್ಮ ಹಾಗೆ ಕತ್ತೆತ್ತಿ ನಿಂತಿದ್ದರು.

“ಬಂತು!” ಎಂದು ಯಾರೋ ಕೂಗಿದರು. ಮೋಡದ ಒಂದು ಸೀಳು. ಬಿಸಿಲು ಪದವಿನ ಆಚೆಯ ಅಂಚಿನಿಂದ ಓಡಿ ಬಂದು ನಮ್ಮನ್ನು ದಾಟಿತು. ಮುಟ್ಟಾಳೆಯ ನೆರಳು ಗುಂಡಿನ ಪಕ್ಕದಲ್ಲಿ, ತೆಂಕು ಬದಿಯಲ್ಲಿ, ಒಂದು ಗೇಣು ದೂರದಲ್ಲಿ, ದೋಸೆಯಷ್ಟು ದುಂಡಗೆ ಬಿದ್ದಿತ್ತು. ವಾಚಿನಲ್ಲಿ ಹನ್ನೆರಡೂ ಮೂವತ್ತೈದು. ಹುಡುಗಿ ಬೀಜ ಇಟ್ಟಳು. ನಾವು ನೋಡಿದೆವು: ಪಡುವಿನಿಂದ ಗುಂಡಿನವರೆಗೆ ಇಟ್ಟ ಬೀಜಗಳೆಲ್ಲ, ಮೋಡದ ಹೊತ್ತಿನ ಖಾಲಿ ಜಾಗ ಬಿಟ್ಟರೆ, ಒಂದೇ ಸಾಲಿನಲ್ಲಿ ನಿಂತಿದ್ದವು. ಒಂದೂ ಬಿಡದೆ ಎಲ್ಲವೂ ಗೆರೆಯ ತೆಂಕಕ್ಕೆ. ಬಡಗಿನಲ್ಲಿ ಒಂದೇ ಒಂದು ಬೀಜವಿರಲಿಲ್ಲ.

ಮುಂದಿನದು ನನ್ನಲ್ಲಿ ಎರಡು ಬಗೆಯಾಗಿ ಉಳಿದಿದೆ. ಒಂದರಲ್ಲಿ ಇನ್ಸ್‌ಪೆಕ್ಟರು ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು, ಗುಂಡನ್ನು ಒಮ್ಮೆ ಮುಟ್ಟಿ ನಿಲ್ಲಿಸಿ, ನೆರಳಿನ ಮೇಲೆ ಅಂಗೈ ಇಡುತ್ತಾರೆ. ಇನ್ನೊಂದರಲ್ಲಿ ನಿಂತೇ ಇದ್ದಾರೆ. ಎರಡರಲ್ಲೂ ಅವರು ಹೇಳಿದ ಮಾತು ಒಂದೇ. ಅದುವರೆಗೆ ನಮ್ಮೊಡನೆ ಶಾಲೆಯ ಕನ್ನಡದಲ್ಲೇ ಮಾತಾಡಿದ್ದ ಮನುಷ್ಯ ತುಳುವಿನಲ್ಲಿ, ತಮಗೆ ತಾವೇ ಎಂಬಂತೆ, “ತೆಂಕಾಯಿನೇ” ಎಂದರು. ತೆಂಕಕ್ಕೇ.

ಮಕ್ಕಳ ಕೂಗಿಗೆ ಕೆಳಗಿನ ಗದ್ದೆಯಿಂದ ಜನ ಓಡಿ ಬಂದರು. ಹೆಡ್‌ಮಾಸ್ಟ್ರು ಕೋಟು ಹೆಗಲಿಗೆ ಹಾಕಿಕೊಂಡೇ ಹೋಗಿ ಗಂಟೆ ಹೊಡೆದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಅಜ್ಜ ಮಾತ್ರ ಮುಟ್ಟಾಳೆ ಇಳಿಸಿ, ತೂತಿನೊಳಗೆ ಬೆರಳು ತೂರಿಸಿ, “ಇನ್ನು ಇದಕ್ಕೆ ಮಳೆ ಸೋರ್ತದೆ, ಹೊಸದು ಯಾರು ಕೊಡ್ತೀರಿ?” ಎಂದರು. ನಾನು ಏನು ಮಾಡಿದೆ? ನಕ್ಕೆ. ಎಷ್ಟು ನಕ್ಕೆ ಎಂದರೆ ಕೂರಬೇಕಾಯಿತು.

ಇನ್ಸ್‌ಪೆಕ್ಟರು ನೋಟುಪುಸ್ತಕಗಳನ್ನು ತರಿಸಿದರು. ಜಗಲಿಯಲ್ಲಿ ಕೂತು ಇಪ್ಪತ್ತೇಳು ಪುಸ್ತಕಗಳಲ್ಲಿ ತಾವು ಹೊಡೆದುಹಾಕಿದ್ದ ವಾಕ್ಯದ ಪಕ್ಕ ಅದೇ ಕೆಂಪು ಪೆನ್ಸಿಲಿನಲ್ಲಿ ‘ಸರಿ’ ಎಂದು ಬರೆದು ಸಹಿ ಹಾಕಿದರು. ಒಂದನ್ನೂ ಬಿಡಲಿಲ್ಲ. ಅಷ್ಟರಲ್ಲಿ ಮಳೆ ಮತ್ತೆ ಶುರುವಾಗಿತ್ತು. ಬಸ್ಸು ತಪ್ಪಿದ್ದರಿಂದ ಹೆಡ್‌ಮಾಸ್ಟ್ರ ಮನೆಯಲ್ಲಿ ನಾವೆಲ್ಲ ಗಂಜಿ ಊಟಕ್ಕೆ ಕೂತೆವು. ಅಜ್ಜನನ್ನು ಇನ್ಸ್‌ಪೆಕ್ಟರು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

“ಇಪ್ಪತ್ತು ವರ್ಷ,” ಎಂದರು ಗಂಜಿಯ ಬಟ್ಟಲು ನೋಡುತ್ತಾ. “ಪ್ರತಿ ವರ್ಷ ನವೆಂಬರದಲ್ಲಿ ತೋರಿಸಿದ್ದು. ಮಕ್ಕಳೂ ಹೌದು ಹೌದು ಅಂತ ಹೇಳಿದ್ದು.”

“ನವೆಂಬರದಲ್ಲಿ ಅದು ಸರಿಯೇ ಅಲ್ವಾ ಸಾರ್,” ಎಂದೆ.

“ಸಮಾಧಾನ ಹೇಳ್ಬೇಡಿ ಟೀಚರೇ. ಉಪ್ಪಿನಕಾಯಿ ಈಚೆ ಕೊಡಿ.”

ಮರುವರ್ಷ ಬೆಳ್ತಂಗಡಿಯ ಕಚೇರಿಯಿಂದ ನನ್ನನ್ನು ಖಾಯಂ ಮಾಡಿದ ಆದೇಶ ಬಂತು. ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ಇನ್ಸ್‌ಪೆಕ್ಟರು ನನ್ನ ಕಡತದಲ್ಲಿ ಬರೆದ ಮಾತಿನಿಂದಲೇ ಅದು ಬಂತು ಎಂದು ಹೆಡ್‌ಮಾಸ್ಟ್ರು ಕೊನೆಯವರೆಗೂ ಹೇಳುತ್ತಿದ್ದರು. ಕಚೇರಿಯ ಗುಮಾಸ್ತರು, ಆ ವರ್ಷ ತಾತ್ಕಾಲಿಕದವರನ್ನೆಲ್ಲ ಒಟ್ಟಿಗೆ ಖಾಯಂ ಮಾಡಿದ್ದು, ಯಾರದೂ ಕಡತ ಬಿಚ್ಚಿ ನೋಡಿಲ್ಲ ಎಂದರು. ಇನ್ಸ್‌ಪೆಕ್ಟರು ಕಡತದಲ್ಲಿ ಏನು ಬರೆದಿದ್ದರು, ಬರೆದಿದ್ದರೋ ಇಲ್ಲವೋ, ನಾನು ನೋಡಲಿಲ್ಲ. ನನಗೆ ಗೊತ್ತಿಲ್ಲ.